ಮಠದ ಕೊಳಗಕ್ಕೆ ಹಾಕಿದ ಹೆಪ್ಪು

ಸರಸ್ವತಿಪುರಂನ ಆ ಅಡ್ಡರಸ್ತೆಯಲ್ಲಿ ಪ್ರೇಮಲೀಲಮ್ಮನವರ ಕಣ್ಣು ತಪ್ಪಿಸಿ ಒಂದು ಕಟ್ಟು ಕೊತ್ತಂಬರಿ ಕೂಡ ಮಾರಾಟವಾಗುವುದಿಲ್ಲ ಎಂದು ಅವರ ಯಜಮಾನರು ವಿಶ್ವನಾಥ್ ಹೇಳುವುದುಂಟು. ತರಕಾರಿಯವನು ತಕ್ಕಡಿ ಎತ್ತಿದರೆ ಇವರು ಬಗ್ಗಿ ತಟ್ಟೆಯ ಅಡಿ ನೋಡುತ್ತಾರೆ. ಲಷ್ಕರ್ ಮೊಹಲ್ಲಾದ ಒಂದೇ ಅಂಗಡಿಯಲ್ಲಿ ಮದುವೆಯಾದಾಗಿನಿಂದ ಬೇಳೆ ಕೊಳ್ಳುತ್ತಿದ್ದಾರೆ. ಇವತ್ತಿಗೂ ಮೂಟೆಯ ತಳಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು ನೋಡದೆ ಚೀಲ ಬಿಚ್ಚುವುದಿಲ್ಲ. ಸಕ್ಕರೆ ಕಾಯಿಲೆಗೆ ಡಾಕ್ಟರು ಬರೆದ ಮಾತ್ರೆಯನ್ನು ಮುರಿದು ಅರ್ಧ ನುಂಗುತ್ತಾರೆ, ಡಾಕ್ಟರಿಗೂ ಮೆಡಿಕಲ್ ಶಾಪಿನವನಿಗೂ ಏನೋ ಒಳ ಒಪ್ಪಂದವಿದೆ ಎಂಬ ಗುಮಾನಿಯಿಂದ. ವಿಶ್ವನಾಥ್ ವಾಕಿಂಗ್ ಮುಗಿಸಿ ಬಂದರೆ ಅಂಗಿಯನ್ನು ಮೂಸಿ, ದಾರಿಯಲ್ಲಿ ಬೋಂಡ ತಿಂದರೋ ಇಲ್ಲವೋ ಪತ್ತೆ ಹಚ್ಚುತ್ತಾರೆ. ಸಿಕ್ಕಿಬಿದ್ದದ್ದೇ ಹೆಚ್ಚು, ಪಾಪ.

ಇಂಥವರ ಮನೆಯ ಮೊಸರಿಗೆ ಊರಲ್ಲಿ ಒಳ್ಳೆಯ ಹೆಸರಿತ್ತು. ಅವರ ಮಾವನವರ ಕಾಲದಿಂದ, ಪ್ರತಿ ಸೋಮವಾರ ಮಠದ ಹಾಸ್ಟೆಲಿನ ಹುಡುಗರ ಊಟಕ್ಕೆ ಮೊಸರು ಹೋಗುತ್ತಿದ್ದದ್ದು ಇದೇ ಮನೆಯಿಂದ. ದುಡ್ಡಿಗಲ್ಲ, ಸೇವೆ. ಮೊದಲು ಅತ್ತೆ ಮಾಡುತ್ತಿದ್ದರು, ಅವರ ನಂತರ ಪ್ರೇಮಲೀಲಮ್ಮ. ಭಾನುವಾರ ಸಂಜೆ ಹಾಲು ಕಾಯಿಸಿ, ದೊಡ್ಡ ಸ್ಟೀಲ್ ಕೊಳಗಕ್ಕೆ ಬಗ್ಗಿಸಿ, ಆರಲು ಬಿಟ್ಟು, ಬಲಗೈಯ ಕಿರುಬೆರಳು ಅದ್ದಿ ನೋಡುವುದು. ಉಗುರು ಬೆಚ್ಚಗಾದಾಗ ಹೆಪ್ಪು ಹಾಕುವುದು. ಮಠದ ಕೊಳಗವನ್ನು ಬೇರೆ ಯಾರೂ ಮುಟ್ಟುವಂತಿಲ್ಲ. ಮನೆಗೆಲಸದ ಮಹದೇವಮ್ಮ ಉಳಿದ ಪಾತ್ರೆಗಳನ್ನೆಲ್ಲ ತಿಕ್ಕುತ್ತಾಳೆ, ಕೊಳಗವನ್ನು ಮಾತ್ರ ಪ್ರೇಮಲೀಲಮ್ಮನೇ ತೊಳೆದು, ಒರೆಸಿ, ಅಟ್ಟದ ಮೇಲೆ ಕವುಚಿ ಇಡುತ್ತಾರೆ. ಊಟವಾದ ಮೇಲೆ ಒಂದು ಸಣ್ಣ ಪಾತ್ರೆಯಲ್ಲಿ ಮನೆಯ ಮಟ್ಟಿಗೆ ಬೇರೆ ಹೆಪ್ಪು ಹಾಕಿಡುತ್ತಾರೆ. ಮಗ ಸೊಸೆ ಬಂದಾಗಲೂ ಸೊಸೆಗೆ ಈ ಕೆಲಸ ಬಿಟ್ಟುಕೊಟ್ಟವರಲ್ಲ.

ಆ ಮೊಸರು ಮಾರ್ಚ್ ತಿಂಗಳ ಒಂದು ಸೋಮವಾರ ಕೆಟ್ಟಿತು. ಬೆಳಿಗ್ಗೆ ಮುಚ್ಚಳ ತೆಗೆದರೆ ಮೇಲೆ ತಿಳಿನೀರು, ಕೆಳಗೆ ಅಲ್ಲಲ್ಲಿ ಮುದ್ದೆ. ಸೌಟು ಅದ್ದಿ ಎತ್ತಿದರೆ ಲೋಳೆ ಲೋಳೆಯಾಗಿ ಎಳೆ ಬರುತ್ತಿತ್ತು. ನಾಲಿಗೆಗೆ ಹಚ್ಚಿದರೆ ಹುಳಿಯೇ ಇಲ್ಲ, ಒಂದು ಥರ ಕಹಿ. ಅದೇ ಹೆಪ್ಪು, ಅದೇ ಹಾಲು, ಮನೆಯ ಸಣ್ಣ ಪಾತ್ರೆಯಲ್ಲಿ ಮಾತ್ರ ಕಲ್ಲಿನಂತೆ ಗಟ್ಟಿಯಾಗಿ ಕೂತಿತ್ತು. ಪ್ರೇಮಲೀಲಮ್ಮನವರು ಎರಡೂ ಪಾತ್ರೆಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ನಿಂತಿದ್ದರು. ಹಾಳಾದರೆ ಎರಡೂ ಹಾಳಾಗಬೇಕಿತ್ತು. ಮಠದ್ದೇ ಹಾಳಾಗಿದೆ ಎಂದರೆ ಇದು ತಾನಾಗಿ ಆದದ್ದಲ್ಲ, ಯಾರೋ ಮಾಡಿದ್ದು.

ಮೊದಲು ಸಿಕ್ಕಿದವನು ಹಾಲಿನ ಚಿಕ್ಕಣ್ಣ. ಅವನ ಮೇಲೆ ಅವರಿಗೆ ಆಗಲೇ ಒಂದು ಅನುಮಾನವಿತ್ತು. ಇತ್ತೀಚೆಗೆ ಹಾಲು ಮೊದಲಿನಷ್ಟು ಹೊತ್ತು ಬಿಸಿ ಹಿಡಿದಿಟ್ಟುಕೊಳ್ಳುತ್ತಿರಲಿಲ್ಲ. ಮುಂಚೆ ಕೊಳಗದ ಹಾಲು ಉಗುರು ಬೆಚ್ಚಗಾಗುವಷ್ಟರಲ್ಲಿ ಒಂದು ಧಾರಾವಾಹಿ ಮುಗಿದು ಇನ್ನೊಂದು ಅರ್ಧಕ್ಕೆ ಬರುತ್ತಿತ್ತು. ಈಗ ಮೊದಲನೆಯದರ ಜಾಹೀರಾತಿನಲ್ಲೇ ಆರಿಬಿಡುತ್ತದೆ. ನೀರು ಬೆರೆಸದೆ ಹಾಲು ಇಷ್ಟು ಬೇಗ ಆರುವುದುಂಟೇ?

"ಏನು ಬೆರೆಸ್ತೀಯಾ ಚಿಕ್ಕಣ್ಣ? ನಿಜ ಹೇಳು. ಸೋಪಿನ ಪುಡಿನಾ?"

ಚಿಕ್ಕಣ್ಣ ಕ್ಯಾನಿನ ಮೇಲೆ ಕೈ ಇಟ್ಟ. "ಅಮ್ಮಾವ್ರೆ, ಈ ಬೀದೀಲಿ ಎಲ್ರಿಗೂ ಇದೇ ಕ್ಯಾನಿಂದ್ಲೇ ಆಕೋದು. ನಿಮ್ಮನೆ ಸಣ್ಣ ಪಾತ್ರೆ ಮೊಸರು ಎಂಗೆ ಎಪ್ಪಾಯ್ತು ಅಂಗಾರೆ?"

ಇದರಿಂದ ಚಿಕ್ಕಣ್ಣನ ಮೇಲಿನ ಅನುಮಾನವೇನೂ ಕಡಿಮೆಯಾಗಲಿಲ್ಲ. ಅದರ ಜೊತೆಗೆ ಇನ್ನೊಂದು ಸೇರಿಕೊಂಡಿತು, ಅಷ್ಟೇ. ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದ ನಿಶ್ಚಿತಾ ಎಂಬ ಹುಡುಗಿ ಮೈಕ್ರೋಬಯಾಲಜಿಯಲ್ಲಿ ಎಂ.ಎಸ್ಸಿ. ಓದುತ್ತಿದ್ದಳು. ಬ್ಯಾಕ್ಟೀರಿಯಾವನ್ನೇ ಓದುವ ಹುಡುಗಿ ಮನೆಯೊಳಗಿರುವಾಗ ಬ್ಯಾಕ್ಟೀರಿಯಾ ಎಲ್ಲಿಂದ ಬಂತೆಂದು ಬೀದಿಯಲ್ಲೆಲ್ಲ ಹುಡುಕಬೇಕೇ? ಅವಳು ಕಾಲೇಜಿನಿಂದ ಬಂದರೆ ಕೈ ತೊಳೆಯುತ್ತಾಳೋ ಇಲ್ಲವೋ ಎಂದು ಪ್ರೇಮಲೀಲಮ್ಮ ಮೆಟ್ಟಿಲ ಕೆಳಗೆ ನಿಂತು ನಲ್ಲಿಯ ಸದ್ದಿಗೆ ಕಿವಿ ಕೊಡತೊಡಗಿದರು. ಹುಡುಗಿ ತೊಳೆಯುತ್ತಿದ್ದಳು. ಬೇಕಾದಷ್ಟು ಹೊತ್ತು ತೊಳೆಯುತ್ತಿದ್ದಳು. ಅಷ್ಟೊಂದು ತೊಳೆಯಬೇಕಾದರೆ ಕೈಯಲ್ಲಿ ಏನಿರಬೇಕು ಎಂದು ಅದಕ್ಕೂ ಅನುಮಾನ ಬಂತು.

ಮುಂದಿನ ಸೋಮವಾರವೂ ಅದೇ ಕಥೆ. ಸೇವೆ ತಪ್ಪಬಾರದೆಂದು ಎರಡು ವಾರವೂ ಅವರು ಅದನ್ನೇ ನೀರು ಬಸಿದು ಕಳಿಸಿದ್ದರು. ಅವತ್ತು ಮಧ್ಯಾಹ್ನ ಹಾಸ್ಟೆಲಿನ ಅಡುಗೆಮನೆ ನೋಡಿಕೊಳ್ಳುವ ಮಹಾಂತೇಶ್ ಫೋನ್ ಮಾಡಿದರು. ಒಳ್ಳೆಯ ಮನುಷ್ಯ, ಹಿಂಜರಿಯುತ್ತಲೇ ಮಾತಾಡಿದರು.

"ಅಕ್ಕಾವ್ರೆ, ಬೇಜಾರು ಮಾಡ್ಕೋಬೇಡಿ. ಹುಡುಗರು ಎಲೇಲೇ ಬಿಟ್ಬಿಟ್ರು. ಎರಡು ವಾರ ಆಯ್ತಲ್ಲ. ನಿಮಗೂ ವಯಸ್ಸಾಯ್ತು. ಇನ್ನೊಂದ್ಸಲ ಹಿಂಗೇ ಆದ್ರೆ ನಾವು ಪ್ಯಾಕೆಟ್ ಮೊಸರನ್ನೇ ತರಿಸ್ಕೋತೀವಿ, ಬಿಡಿ."

ನಿಮಗೂ ವಯಸ್ಸಾಯ್ತು ಎಂದದ್ದು ನಾಟಿತು. ಅತ್ತೆ ಎಂಬತ್ತರವರೆಗೂ ಈ ಕೊಳಗ ನಡೆಸಿದ್ದರು. ತಮ್ಮ ಕೈಯಲ್ಲಿ ಅದು ನಿಂತುಹೋದರೆ ಮಠದ ಅಂಗಳದಲ್ಲಿ ಯಾವ ಮುಖ ಹೊತ್ತು ನಿಲ್ಲುವುದು? ಮೊಸರಿನ ಪ್ರೇಮಲೀಲಮ್ಮ ಎಂದೇ ಅಲ್ಲಿನವರೆಲ್ಲ ಅವರನ್ನು ಕರೆಯುವುದು. ಮೊಸರೇ ಹೋದರೆ ಬರೀ ಪ್ರೇಮಲೀಲಮ್ಮ. ಹಾಗೆಂದುಕೊಂಡಾಗ ಅವರಿಗೆ ನಿಜವಾಗಿಯೂ ಹೆದರಿಕೆಯಾಯಿತು, ಹೆದರಿಕೆಯಾದಾಗಲೆಲ್ಲ ಅವರಿಗೆ ಕೋಪ ಬರುತ್ತದೆ.

ಕೋಪ ಇಳಿಸಿಕೊಳ್ಳಲು ಅವತ್ತೇ ಸಂಜೆ ಒಂದು ಜಾಗ ಸಿಕ್ಕಿತು. ದೇವರಿಗೆ ದೀಪ ಹಚ್ಚಿ ಹೊರಗೆ ಬಂದಾಗ ಮಹದೇವಮ್ಮ ಮನೆಗೆ ಹೊರಟಿದ್ದಳು. ಮಂಡಕಳ್ಳಿಯ ಕಡೆಯವಳು, ಆರೂವರೆ ಬಸ್ಸು ತಪ್ಪಿದರೆ ಕಷ್ಟ ಎಂದು ಸೆರಗು ಸಿಕ್ಕಿಸಿಕೊಂಡು ಓಡುವವಳು. ಅವತ್ತು ಅವಳ ವೈರ್ ಬ್ಯಾಗಿನಲ್ಲಿ ಒಂದು ಪುಟ್ಟ ಸ್ಟೀಲ್ ಡಬ್ಬಿ ಹೊಳೆಯಿತು.

"ಏನದು? ತೆಗಿ ಇಲ್ಲಿ."

ಡಬ್ಬಿಯೊಳಗೆ ಒಂದು ಚಮಚದಷ್ಟು ಮೊಸರಿತ್ತು.

ದೀಪ ಹಚ್ಚಿದ ಮೇಲೆ ಆ ಮನೆಯಿಂದ ಹೆಪ್ಪು ಹೊಸ್ತಿಲು ದಾಟುವಂತಿಲ್ಲ. ಯಾರು ಕೇಳಿದರೂ ಪ್ರೇಮಲೀಲಮ್ಮ ಕೊಡುವುದಿಲ್ಲ. ಹೆಪ್ಪಿನ ಜೊತೆ ಮನೆಯ ಲಕ್ಷ್ಮಿಯೂ ಎದ್ದು ಹೋಗುತ್ತಾಳೆ ಎಂದು ಅತ್ತೆ ಹೇಳಿಕೊಟ್ಟಿದ್ದರು. ಈಗ ಎಲ್ಲವೂ ಸ್ಪಷ್ಟವಾಗಿಬಿಟ್ಟಿತು ಅವರಿಗೆ.

"ಅದಕ್ಕೇ ನನ್ನ ಮೊಸರು ಕೆಡ್ತಿರೋದು! ಎಷ್ಟು ದಿನದಿಂದ ಕದೀತಿದ್ದೀಯಾ?"

ಮಹದೇವಮ್ಮನ ಮುಖ ಕಪ್ಪಿಟ್ಟಿತು. "ಕದಿಯೋದು ಅನ್ಬ್ಯಾಡಿ ಕಣಮ್ಮ. ಒಂದ್ ಚಮಚ. ಪ್ಯಾಕೆಟ್ ಮೊಸ್ರಿನ ಎಪ್ಪು ನಮ್ಮನೇಲಿ ನಿಲ್ಲಕಿಲ್ಲ. ಎಂಗೆ ಕೇಳಾನೆ ಏಳಿ? ನಾನು ಮನೆಗೋಗೋದೇ ನೀವು ದೀಪ ಅಚ್ಚಿದ್ ಮ್ಯಾಕೆ. ಆವಾಗ ಕೇಳುದ್ರೆ ನೀವು ಕೊಡಕಿಲ್ಲ. ಬೆಳಗ್ಗೆ ಈಸ್ಕೊಂಡ್ರೆ ನಾಕು ಮನೆ ಸುತ್ತೋದ್ರೊಳಗೆ ಉಳಿ ಬಂದ್ಬುಡ್ತದೆ."

"ಕೇಳದೆ ತಗೊಂಡ್ರೆ ಅದನ್ನ ಏನಂತಾರೆ?"

"ನಾಳಿಕ್ ನಮ್ಮನೆ ಮೊಸ್ರು ತಂದು ತೋರುಸ್ತೀನಿ. ನಿಮ್ ಎಪ್ಪೇ ಅದು. ಅದು ಕೆಟ್ಟಿದ್ರೆ ನನ್ನ ಬುಟ್ಬುಡಿ."

ಅವಳು ಕಣ್ಣೊರೆಸಿಕೊಂಡು ಹೋದಳು. ಬಸ್ಸು ತಪ್ಪಿತ್ತು. ಗೇಟಿನ ಹತ್ತಿರ ಕೂತು ಪೇಪರು ಓದುತ್ತಿದ್ದ ವಿಶ್ವನಾಥ್, "ಒಂದು ಚಮಚ ಮೊಸರಿಗೆ ಇಷ್ಟು ದೊಡ್ಡ ಕೋರ್ಟು ಯಾಕೆ ಪ್ರೇಮಾ?" ಎಂದರು. ಪ್ರೇಮಲೀಲಮ್ಮ ಅವರ ಅಂಗಿಯ ಕಡೆ ಒಂದು ನೋಟ ಹರಿಸಿದರು. ಅವರು ಮತ್ತೆ ಪೇಪರಿನೊಳಗೆ ಮುಖ ಮುಚ್ಚಿಕೊಂಡರು.

ಮಾರನೆಯ ದಿನ ಮಹದೇವಮ್ಮ ತಂದ ಮೊಸರು ಬಟ್ಟಲು ಬಗ್ಗಿಸಿದರೂ ಅಲುಗದಷ್ಟು ಗಟ್ಟಿಯಾಗಿತ್ತು. ಪ್ರೇಮಲೀಲಮ್ಮ ಅದಕ್ಕೆ ಕಾರ್ನ್‌ಫ್ಲೋರ್ ಹಾಕಿದ್ದೀಯಾ ಎಂದರು. ಅದೇ ಹೊತ್ತಿಗೆ ಮೆಟ್ಟಿಲಿಳಿದು ಬಂದ ನಿಶ್ಚಿತಾಳಿಗೆ ನಗು ತಡೆಯಲಾಗಲಿಲ್ಲ.

"ಆಂಟಿ, ಮೂರೂ ಮೊಸರು ಸ್ವಲ್ಪ ಸ್ವಲ್ಪ ಕೊಡಿ. ಲ್ಯಾಬಲ್ಲಿ ನೋಡ್ತೀನಿ."

ಕೆಟ್ಟ ಮೊಸರನ್ನು ಪ್ರೇಮಲೀಲಮ್ಮ ಸಾಕ್ಷಿಗೆಂದು ಒಂದು ಬಟ್ಟಲಲ್ಲಿ ತೆಗೆದು ಫ್ರಿಜ್ಜಿನಲ್ಲಿಟ್ಟಿದ್ದರು. ಕೊಡಲು ಒಪ್ಪಿದರು, ಒಂದು ಷರತ್ತಿನ ಮೇಲೆ. ಮೊಬೈಲಿನಲ್ಲಿ ಫೋಟೊ ತೋರಿಸಿದರೆ ನಡೆಯುವುದಿಲ್ಲ. ಫೋಟೊ ಯಾವ ಮೊಸರಿನದೋ ಯಾರಿಗೆ ಗೊತ್ತು? ತಾವೇ ಬಂದು ಕಣ್ಣಾರೆ ನೋಡಬೇಕು.

ಹಾಗಾಗಿ ಶನಿವಾರ ಬೆಳಿಗ್ಗೆ, ಇಸ್ತ್ರಿ ಸೀರೆ ಉಟ್ಟು, ಹಣೆಗೆ ವಿಭೂತಿ ಇಟ್ಟು, ಪ್ರೇಮಲೀಲಮ್ಮ ಆಟೊದಲ್ಲಿ ಕಾಲೇಜಿಗೆ ಹೋದರು. ಮೈಕ್ರೋಸ್ಕೋಪಿನ ಮುಂದೆ ಎತ್ತರದ ಸ್ಟೂಲಿನ ಮೇಲೆ ಕೂತು, ಒಂದು ಕಣ್ಣು ಮುಚ್ಚಿ ಬಗ್ಗಿದರು. ಮೊದಲಿಗೆ ಅವರ ರೆಪ್ಪೆಯೇ ಕಂಡಿತು. ಆಮೇಲೆ, ನಿಶ್ಚಿತಾ ಏನೋ ತಿರುಗಿಸಿದ ಮೇಲೆ, ನೇರಳೆ ಬಣ್ಣದ ಪುಟ್ಟ ಪುಟ್ಟ ಮಣಿಗಳು, ಪೋಣಿಸಿದ ಸರದಂತೆ ಉದ್ದುದ್ದಕ್ಕೆ. ಅವುಗಳ ನಡುವೆ ಸಣ್ಣ ಕಡ್ಡಿಗಳು.

"ಇದು ನಿಮ್ಮ ಮನೆ ಸಣ್ಣ ಪಾತ್ರೇದು. ಒಂದೊಂದು ಮಣಿನೂ ಒಂದು ಜೀವ ಆಂಟಿ. ಒಂದು ಒಡೆದು ಎರಡಾಗುತ್ತೆ, ಆದ್ರೂ ಕೈ ಬಿಡಲ್ಲ, ಅದಕ್ಕೇ ಸರ. ಇವುಗಳ ಗೋಡೆ ದಪ್ಪ, ನಾನು ಹಾಕಿದ ನೇರಳೆ ಬಣ್ಣ ಹಿಡ್ಕೊಂಡಿದೆ. ಗೋಡೆ ತೆಳುವಾಗಿರೋ ಜಾತಿಯವೂ ಇವೆ, ಅವು ಈ ಬಣ್ಣ ಬಿಟ್ಬಿಡ್ತವೆ. ಇವು ಹಾಲಿನ ಸಕ್ಕರೆ ತಿಂದು ಹುಳಿ ಬಿಡ್ತವೆ. ಆ ಹುಳೀಲಿ ಬೇರೆಯವು ಹೆಚ್ಚಾಗಿ ಬದುಕಲ್ಲ."

"ಅಂದ್ರೆ ಹೊರಗಿನವರನ್ನ ಒಳಗೆ ಬಿಟ್ಕೊಳ್ಳಲ್ಲ ಅನ್ನು" ಎಂದರು ಪ್ರೇಮಲೀಲಮ್ಮ. ಅವುಗಳ ಮೇಲೆ ಅವರಿಗೆ ಗೌರವ ಹುಟ್ಟಿತು.

ಎರಡನೆಯ ಗಾಜು ಮಹದೇವಮ್ಮನ ಮನೆಯದು. ಅದೇ ಮಣಿಸರ, ಅದೇ ಕಡ್ಡಿ. ಕಾರ್ನ್‌ಫ್ಲೋರ್ ಎಲ್ಲೂ ಕಾಣಲಿಲ್ಲ. ಮೂರನೆಯ ಗಾಜಿನಲ್ಲಿ ಮಣಿಗಳೇ ಇರಲಿಲ್ಲ ಎನ್ನಬಹುದು. ದಪ್ಪ ದಪ್ಪ ಕಡ್ಡಿಗಳು ಗುಂಪುಗುಂಪಾಗಿ ಬಿದ್ದಿದ್ದವು. ಕೆಲವು ಕಡ್ಡಿಗಳ ಹೊಟ್ಟೆಯಲ್ಲಿ ಬಣ್ಣ ಹಿಡಿಯದ ಒಂದು ಬಿಳಿ ಚುಕ್ಕಿ.

"ಇವು ಯಾರು?"

"ಇವು ಬೇರೆ ಜಾತಿ. ಹಾಲಲ್ಲೇ ಇದ್ದವು. ಮಣ್ಣು, ಹುಲ್ಲು, ಎಲ್ಲಾ ಕಡೆ ಇರ್ತವೆ. ಕಷ್ಟ ಬಂದಾಗ ಆ ಬಿಳಿ ಚುಕ್ಕಿಯೊಳಗೆ ತಮ್ಮ ಜೀವ ಇಟ್ಕೊಂಡು, ಸುತ್ತ ಗಟ್ಟಿ ಚಿಪ್ಪು ಹಾಕ್ಕೊಂಡು ಮಲಗಿಬಿಡ್ತವೆ. ಊಟ ಇಲ್ಲ, ಉಸಿರಾಟ ಇಲ್ಲದ ಹಾಗೆ. ಹಾಲು ಕುದಿಸಿದ್ರೂ ಸಾಯಲ್ಲ. ಹಾಲು ಆರಿದ ಮೇಲೆ, ಹೊರಗೆ ಯಾರೂ ಎದುರಾಳಿ ಇಲ್ಲ ಅಂದ್ರೆ, ಚಿಪ್ಪು ಒಡ್ಕೊಂಡು ಬರ್ತವೆ. ಆ ಲೋಳೆ ಇವುಗಳದೇ. ಸುತ್ತ ಲೋಳೆ ಕಟ್ಕೊಂಡು ಗುಂಪಾಗಿ ಕೂರ್ತವೆ. ಇಂಥ ಎಷ್ಟೋ ಬ್ಯಾಕ್ಟೀರಿಯಾ, ತಮ್ಮವರು ಎಷ್ಟು ಜನ ಸೇರಿದ್ದಾರೆ ಅಂತ ಒಬ್ಬರಿಗೊಬ್ಬರು ತಿಳಿಸ್ಕೋತಾವೆ, ಗೊತ್ತಾ? ಏನೋ ಒಂದು ರಸ ಬಿಟ್ಟು."

"ಗುಟ್ಟಾಗಿ ಮಾತಾಡ್ಕೋತಾವಾ?" ಪ್ರೇಮಲೀಲಮ್ಮ ಕಣ್ಣು ತೆಗೆಯದೆ ಕೇಳಿದರು. ಕುದಿಯುವ ಹಾಲಿನೊಳಗೆ ಬಾಗಿಲು ಹಾಕಿಕೊಂಡು ಹೊಂಚುತ್ತಾ ಕೂತಿದ್ದವರಂತೆ ಆ ಬಿಳಿ ಚುಕ್ಕಿಗಳು ಕಂಡವು. ಎಷ್ಟು ವರ್ಷದಿಂದ ಇವು ತಮ್ಮ ಹಾಲಿನಲ್ಲೇ ಇದ್ದವೋ, ತಮಗೆ ಅನುಮಾನವೇ ಬಂದಿರಲಿಲ್ಲವಲ್ಲ.

"ಇವು ಯಾವಾಗ್ಲೂ ಇರ್ತವೆ ಆಂಟಿ, ಹೆಪ್ಪು ಜೋರಾಗಿದ್ರೆ ತಲೆ ಎತ್ತಲ್ಲ. ಕೊಳಗದಲ್ಲಿ ನಿಮ್ಮ ಹೆಪ್ಪು ಸತ್ತೋಗಿದೆ. ನನ್ನ ಪ್ರಕಾರ ಬಿಸಿಗೆ. ಸಣ್ಣ ಪಾತ್ರೆ ಬೇಗ ಆರುತ್ತೆ, ದೊಡ್ಡದು ಆರಲ್ಲ. ತುಂಬಾ ಬಿಸಿ ಇರೋವಾಗ ಹೆಪ್ಪು ಹಾಕಿದ್ರಾ?"

"ನಾನು?" ಪ್ರೇಮಲೀಲಮ್ಮ ಸ್ಟೂಲಿನಿಂದ ಇಳಿದೇಬಿಟ್ಟರು. "ಬೆರಳಿಟ್ಟು ನೋಡದೆ ಜನ್ಮದಲ್ಲಿ ಹೆಪ್ಪು ಹಾಕಿದವಳಲ್ಲ ನಾನು."

ಆಟೊದಲ್ಲಿ ವಾಪಸು ಬರುವಾಗ ಲೆಕ್ಕ ಸರಿಹೋಯಿತು. ಹೆಪ್ಪು ಸತ್ತದ್ದು ಬಿಸಿಗೆ. ತಾವು ಹಾಕಿದ್ದು ಉಗುರು ಬೆಚ್ಚಗಿದ್ದ ಹಾಲಿಗೆ. ಹಾಗಾದರೆ ತಾವು ಅತ್ತ ಹೋದ ಮೇಲೆ ಯಾರೋ ಕೊಳಗವನ್ನು ಮತ್ತೆ ಒಲೆಯ ಮೇಲೆ ಇಟ್ಟಿದ್ದಾರೆ. ಆ ಹೊತ್ತಿನಲ್ಲಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾ ಇರುವವಳು ಒಬ್ಬಳೇ. ಹೆಪ್ಪು ಕೊಡಲಿಲ್ಲ ಎಂಬ ಹೊಟ್ಟೆಯುರಿ. ಸಾಕ್ಷಿ ಬೇಕಷ್ಟೇ.

ಭಾನುವಾರ ಸಂಜೆ ಅವರು ಸಾಕ್ಷಿಗೆ ಏರ್ಪಾಡು ಮಾಡಿದರು. ಹಾಲು ಕಾಯಿಸಿ ಕೊಳಗಕ್ಕೆ ಬಗ್ಗಿಸಿ, ವಿಶ್ವನಾಥರನ್ನು ಕುರ್ಚಿ ಸಮೇತ ಅಡುಗೆಮನೆಯ ಬಾಗಿಲಲ್ಲಿ ಕೂರಿಸಿದರು. ನಿಶ್ಚಿತಾಳನ್ನು ಕರೆದರು. ಧಾರಾವಾಹಿ ಶುರುವಾದ ಸ್ವಲ್ಪ ಹೊತ್ತಿಗೆ ಎದ್ದು ಬಂದು ಮುಚ್ಚಳ ಸರಿಸಿ ಕಿರುಬೆರಳು ಅದ್ದಿದರು. ಹದವಾಗಿತ್ತು. ಆ ಬೆರಳಿನ ತುದಿಯಲ್ಲಿ ಎರಡು ವಾರದಿಂದ ಸಿಪ್ಪೆ ಸುಲಿಯುತ್ತಿತ್ತು, ಮಹದೇವಮ್ಮ ಹೇಳಿ ತರಿಸಿದ ಅಗ್ಗದ ಪಾತ್ರೆ ಸೋಪಿನಿಂದ ಎಂದು ಅವರು ಅದನ್ನೂ ಅವಳ ತಲೆಗೇ ಕಟ್ಟಿದ್ದರು.

"ಮಹದೇವಮ್ಮ, ಬಾ ಇಲ್ಲಿ. ಉಗುರು ಬೆಚ್ಚಗಿದೆ. ನೀನೂ ಬೆರಳಿಟ್ಟು ನೋಡಿ ಎಲ್ಲರ ಮುಂದೆ ಹೇಳು. ಆಮೇಲೆ ಇದು ಬಿಸಿಯಾದ್ರೆ ಯಾರು ಮಾಡಿದ್ದು ಅಂತ ಗೊತ್ತಾಗ್ಲಿ."

ಮಹದೇವಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹಿಂದೆ ಸರಿದಳು. "ಮಠದ್ ಆಲಿಗೆ ನಾನು ಬೆಳ್ಳಾಕದಾ?"

"ಇವತ್ತೊಂದು ದಿನ ಹಾಕು. ನಾನೂ ತೆಗೆದಿಲ್ಲ, ನೋಡು."

ಮಹದೇವಮ್ಮ ಬೆರಳು ಅದ್ದಿದಳು. ಅದ್ದಿದ್ದೇ ತಡ, ಚೀರಿ ಕೈ ಕಿತ್ತುಕೊಂಡಳು.

"ಅಯ್ಯಯ್ಯಪ್ಪ! ಸುಡ್ತದೆ ಕಣಮ್ಮೋ!"

ಇದೂ ನಾಟಕ ಎಂದು ಹೇಳಲು ಪ್ರೇಮಲೀಲಮ್ಮ ಬಾಯಿ ತೆರೆದರು. ಅಷ್ಟರಲ್ಲಿ ನಿಶ್ಚಿತಾ ಕೊಳಗದ ಹೊರಮೈಗೆ ಅಂಗೈ ತಾಕಿಸಿ ಥಟ್ಟನೆ ತೆಗೆದಳು. ತನ್ನ ಬೆರಳಿಗೆ ಉಫ್ ಎಂದು ಊದುತ್ತಿದ್ದ ಮಹದೇವಮ್ಮ ಅದನ್ನು ನಿಲ್ಲಿಸಿ, ಹಾಲಿನಲ್ಲಿ ಇನ್ನೂ ಮುಳುಗಿಯೇ ಇದ್ದ ಯಜಮಾನಿಯ ಬೆರಳನ್ನು ನೋಡಿದಳು.

"ಅಮ್ಮಾವ್ರೆ, ಕೈ ತೆಗೀರಿ! ತೆಗೀರಿ ಅಂದೆ!"

ಅವಳೇ ಮಣಿಕಟ್ಟು ಹಿಡಿದು ಎಳೆದುಕೊಂಡು ಹೋಗಿ ನಲ್ಲಿ ತಿರುಗಿಸಿ ಹಿಡಿದಳು. ಬೆರಳು ಕೆಂಪಗೆ ಉಬ್ಬಿತ್ತು. ತುದಿಯಲ್ಲಿ ಸುಲಿದ ಜಾಗದ ಪಕ್ಕ ಹಳೆಯ ಗುಳ್ಳೆಯೊಂದು ಒಡೆದು ಒಣಗಿದ ಗುರುತಿತ್ತು.

"ಉರೀತದಾ?"

"ಇಲ್ಲ."

"ಒಂಚೂರೂ?"

"ಇಲ್ಲ ಕಣೇ."

ವಿಶ್ವನಾಥ್ ಕುರ್ಚಿಯಿಂದ ಎದ್ದು ಬಂದರು. ಪ್ರೇಮಲೀಲಮ್ಮ ಬೆರಳಿನ ಮೇಲೆ ನೀರು ಬೀಳುವುದನ್ನು ನೋಡುತ್ತಾ ನಿಂತರು. ಬೀಳುತ್ತಿರುವುದು ಕಾಣುತ್ತಿತ್ತು. ತಣ್ಣಗಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಎಡಗೈ ಇಟ್ಟು ನೋಡಿದರು, ಅದರ ಬೆರಳುಗಳಿಗೂ ಅಷ್ಟಾಗಿ ತಿಳಿಯಲಿಲ್ಲ. ಸಕ್ಕರೆ ಕಾಯಿಲೆ ಹೀಗೂ ಮಾಡುತ್ತೆ ಎಂದು ನಿಶ್ಚಿತಾ ಮೆಲ್ಲಗೆ ಹೇಳಿದಳು. ಹಾಲು ಬೇಗ ಆರುತ್ತಿರಲಿಲ್ಲ. ಚಿಕ್ಕಣ್ಣ ನೀರು ಬೆರೆಸಿರಲಿಲ್ಲ. ಯಾರೂ ಏನೂ ಮಾಡಿರಲಿಲ್ಲ. ಬೀದಿಯನ್ನೆಲ್ಲ ಅನುಮಾನಿಸಿದವರಿಗೆ ಆಗ ಅನುಮಾನಿಸಲು ಯಾರೂ ಉಳಿಯಲಿಲ್ಲ. ಅವರು ಮಹದೇವಮ್ಮನ ಹೆಗಲಿಗೆ ಹಣೆ ಒತ್ತಿ ಅತ್ತುಬಿಟ್ಟರು.

ಮಹದೇವಮ್ಮ ಈ ಮನೆಗೆ ಕೆಲಸಕ್ಕೆ ಬಂದ ಮೂರು ವರ್ಷದಲ್ಲಿ ಒಮ್ಮೆಯೂ ಆಗದ್ದು ಇದು. ಕೈ ಎಲ್ಲಿಡಬೇಕೆಂದು ತಿಳಿಯದೆ ಅವಳು ಕೊನೆಗೆ ಬೆನ್ನ ಮೇಲಿಟ್ಟಳು.

ಕೊಳಗ ಮಾತ್ರ ಕಾಯುತ್ತಿತ್ತು. ಬೆಳಗಾದರೆ ಸೋಮವಾರ. ಪ್ರೇಮಲೀಲಮ್ಮ ಮೂಗೊರೆಸಿಕೊಂಡು, "ನೀನೇ ನೋಡು" ಎಂದರು. ಮಹದೇವಮ್ಮ ಕೈ ತೊಳೆದು ಬಂದು ಕೊಳಗದ ಪಕ್ಕ ಕೂತಳು. ಒಮ್ಮೆ ಅದ್ದಿದಳು, ಇನ್ನೂ ಇಲ್ಲ ಎಂದಳು. ಮತ್ತೆ ಅದ್ದಿದಳು, ಇನ್ನೂ ಇಲ್ಲ. ಧಾರಾವಾಹಿ ಮುಗಿಯಿತು. ಬಸ್ಸು ಹೋಯಿತು, ಕೊನೆಗೆ ಆಟೊದಲ್ಲಿ ಕಳಿಸುತ್ತೇನೆ ಎಂದರು ವಿಶ್ವನಾಥ್. ಪ್ರೇಮಲೀಲಮ್ಮನವರ ಹಳೆಯ ಹುಳ ಮತ್ತೆ ಕೊರೆಯತೊಡಗಿತು. ಇಷ್ಟು ಹೊತ್ತು ಬೇಕೇ? ತಣ್ಣಗಾಗಿಬಿಟ್ಟರೆ? ಬೇಕೆಂದೇ ತಡ ಮಾಡುತ್ತಿದ್ದಾಳೆಯೇ? ಎರಡು ಸಲ ತಾವೇ ಬೆರಳು ಮುಂದೆ ಚಾಚಿ, ಎರಡು ಸಲವೂ ಹಿಂದಕ್ಕೆ ತೆಗೆದುಕೊಂಡರು.

"ಈಗ ಆಕಿ" ಎಂದಳು ಮಹದೇವಮ್ಮ.

"ನಿಜವಾಗ್ಲೂ?"

"ನಿಜವಾಗ್ಲೂ ಕಣಮ್ಮ."

ಅವರಿಗೆ ನಂಬಿಕೆ ಬಂದಿತ್ತೆಂದಲ್ಲ. ಆದರೂ ಹೆಪ್ಪು ಹಾಕಿ ತಿರುಗಿಸಿ ಮುಚ್ಚಳ ಮುಚ್ಚಿದರು.

ಸೋಮವಾರ ಮಧ್ಯಾಹ್ನ ಮಹಾಂತೇಶ್ ಫೋನ್ ಮಾಡಿದಾಗ ಮಹದೇವಮ್ಮ ಒಳಗೆ ನೆಲ ಒರೆಸುತ್ತಿದ್ದಳು. "ಅಕ್ಕಾವ್ರೆ, ಹುಡುಗರು ಎರಡೆರಡು ಸಲ ಹಾಕಿಸ್ಕೊಂಡ್ರು" ಎಂದರು ಆತ.

"ನಿಜವಾಗಿ ಚೆನ್ನಾಗಿತ್ತಾ, ನನಗೆ ಬೇಜಾರಾಗ್ಬಾರದು ಅಂತ ಹೇಳ್ತಿದ್ದೀರಾ?"

"ದೇವರಾಣೆ ಅಕ್ಕಾ. ನಿಮ್ಮ ಕೈಗುಣ ಎಲ್ಲಿ ಹೋಗುತ್ತೆ!"

ಪ್ರೇಮಲೀಲಮ್ಮ ಬ್ಯಾಂಡೇಜು ಸುತ್ತಿದ ಬೆರಳನ್ನು ನೋಡಿಕೊಂಡರು. ಹೂಂ ಎಂದು ಫೋನು ಇಟ್ಟುಬಿಡಬಹುದಿತ್ತು. ಮಠದಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ನನ್ನ ಕೈಯದಲ್ಲ ಮಹಾಂತೇಶ್. ಹದ ನೋಡಿದ್ದು ಮಹದೇವಮ್ಮ."

"ಯಾವ ಮಹದೇವಮ್ಮ ಅಕ್ಕಾ?"

"ನಮ್ಮನೆಯವಳು. ಇನ್ಮೇಲೆ ಮಠದ ಹಾಲು ನೋಡೋಳು ಅವಳೇ" ಎಂದರು ಪ್ರೇಮಲೀಲಮ್ಮ, ಒಳಗೆ ನೆಲ ಒರೆಸುತ್ತಿದ್ದವಳಿಗೂ ಕೇಳಿಸುವ ಹಾಗೆ.